ಚುಕ್ಕಾಣಿ ಇಲ್ಲದ ಹೊಳೆಯಲ್ಲಿ ‘ಚುಕ್ಕಾಣಿ’

ಪುರಸಭೆಗೋ ಸಹಕಾರ ಸಂಘಕ್ಕೋ ಹೊಸ ಅಧ್ಯಕ್ಷರು ಬಂದ ಮರುದಿನ ನಂಜನಗೂಡು, ತಿ. ನರಸೀಪುರದ ಸುದ್ದಿಗಳಲ್ಲಿ ‘ಚುಕ್ಕಾಣಿ’ ಬಂದೇ ಬರುತ್ತದೆ. ಇಂಥವರ ಕೈಗೆ ಚುಕ್ಕಾಣಿ, ಇಂಥವರಿಗೆ ಕೈತಪ್ಪಿದ ಚುಕ್ಕಾಣಿ. ಆದರೆ ಇಲ್ಲಿಯ ನೀರಿನ ಮೇಲೆ ನೋಡಿ. ನಂಜನಗೂಡಿನ ಕಪಿಲೆಯಲ್ಲಿ ಶ್ರೀಕಂಠೇಶ್ವರನಿಗೆ ತೆಪ್ಪೋತ್ಸವ. ಅದೇ ಕಪಿಲೆ ಇಳಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುವಲ್ಲಿ ಮೀನು ಹಿಡಿಯುವವರದು ಬಿದಿರಿನ ಹರಿಗೋಲು. ಅದನ್ನೂ ತೆಪ್ಪ ಅನ್ನುವುದುಂಟು. ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಟಾರು ಬಳಿಯುತ್ತಾರೆ. ದುಂಡನೆಯ ಹರಿಗೋಲಿಗೆ ಹಿಂದು ಯಾವುದು, ಮುಂದು ಯಾವುದು? ಚುಕ್ಕಾಣಿ ಕಟ್ಟುವುದಾದರೂ ಎಲ್ಲಿಗೆ?

ಈ ಪದ ಹೊಳೆಯದಲ್ಲ, ಕಡಲಿನದು. ಅರಬ್ಬಿಯಲ್ಲಿ ‘ಸುಕ್ಕಾನ್’ ಎಂದರೆ ಹಡಗನ್ನು ತಿರುಗಿಸುವ ಹಲಗೆ. ಅದನ್ನು ಹಿಡಿದು ನಿಂತವನು ಪಾರಸಿಯಲ್ಲಿ ‘ಸುಕ್ಕಾನಿ’. ಪಶ್ಚಿಮ ಕರಾವಳಿಗೆ ಆ ಕಡೆಯ ನಂಟು ಹಳೆಯದು. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿಗೆ ಏಡನ್ನಿನಿಂದ ಕಾಗದಗಳು ಬರುತ್ತಿದ್ದವು. ಮರಾಠಿಯಲ್ಲಿ ಪದ ‘ಸುಕಾಣೂ’ ಆಯಿತು, ಮಲಯಾಳದಲ್ಲಿ ‘ಚುಕ್ಕಾನ್’, ತೆಲುಗಿನಲ್ಲಿ ‘ಚುಕ್ಕಾನಿ’. ಇಂಗ್ಲಿಷ್ ಕಪ್ತಾನರು ತಮ್ಮ ಹಡಗಿನ ಭಾರತೀಯ ಚುಕ್ಕಾಣಿಗನನ್ನು ‘ಸೀಕನ್ನಿ’ ಎಂದು ಕರೆದರು. ಅವರ ಕಿವಿಗೆ ಅದರಲ್ಲಿ ತಮ್ಮದೇ ‘ಸೀ’, ಅಂದರೆ ಕಡಲು, ಕೇಳಿಸಿತು. ನಮ್ಮಲ್ಲಿ ನಡೆದದ್ದು ಇನ್ನೂ ಸೊಗಸು. ಪಾರಸಿಯಲ್ಲಿ ‘ನಿ’ ಎಂದು ಮುಗಿದರೆ ಆಳು. ಕನ್ನಡದಲ್ಲಿ ‘ಣಿ’ ಎಂದು ಮುಗಿದದ್ದು ಸಲಕರಣೆ. ಆಳಿಗೆ ನಮ್ಮದೇ ಪ್ರತ್ಯಯ ಹಚ್ಚಿ ‘ಚುಕ್ಕಾಣಿಗ’ ಎಂದು ಮಾಡಿಕೊಂಡೆವು.

ಅರಬ್ಬಿಗಿಂತ ಹಿಂದೆ ಹೋದರೆ ಬ್ಯಾಬಿಲೋನಿನ ಅಕ್ಕಾಡಿಯನ್ ಭಾಷೆಯಲ್ಲಿ ‘ಸಿಕ್ಕನ್ನು’ ಸಿಗುತ್ತದೆ, ಅರ್ಥ ಅದೇ. ಆ ನಾಡಿನ ಹೊಳೆಯಲ್ಲೂ ತೊಗಲು ಹೊದಿಸಿದ, ಗುರಾಣಿಯಂತೆ ದುಂಡಗಿನ ದೋಣಿಗಳಿದ್ದವು ಎಂದು ಕ್ರಿ.ಪೂ. 5ನೇ ಶತಮಾನದ ಹೆರೊಡೋಟಸ್ ಬರೆದಿದ್ದಾನೆ. ಇಬ್ಬರು ನಿಂತುಕೊಂಡು ಹುಟ್ಟು ಹಾಕುತ್ತಿದ್ದರಂತೆ. ಚುಕ್ಕಾಣಿಯ ಪದ ಹುಟ್ಟಿದ ನೆಲದಲ್ಲೂ ನಮ್ಮ ಹರಿಗೋಲಿನ ದಾಯಾದಿ ಇತ್ತು ಎನ್ನುವುದು ನನಗೆ ಬಹಳ ಪ್ರಿಯವಾದ ಸಂಗತಿ.

ನನ್ನ ತಕರಾರು ಇರುವುದು ‘ಹಿಡಿ’ ಎಂಬ ಕ್ರಿಯಾಪದದ ಮೇಲೆ. ಚುಕ್ಕಾಣಿಗೆ ನಾವು ಅದೊಂದನ್ನೇ ಗಂಟು ಹಾಕಿದ್ದೇವೆ. ಹಿಡಿದವನು ಆಮೇಲೆ ಏನು ಮಾಡುತ್ತಾನೆ ಎನ್ನುವುದಕ್ಕೆ ನುಡಿಗಟ್ಟಿನಲ್ಲಿ ಜಾಗವಿಲ್ಲ. 1922ರಲ್ಲಿ ನಿಕೊಲಸ್ ಮಿನೋರ್ಸ್ಕಿ ಎಂಬ ಎಂಜಿನಿಯರು ಹಡಗು ತಾನಾಗಿ ದಾರಿ ಹಿಡಿಯುವುದರ ಲೆಕ್ಕ ಬರೆದಾಗ ಗಮನಿಸಿದ್ದು ಅದನ್ನೇ. ಪಳಗಿದ ಚುಕ್ಕಾಣಿಗ ಈಗ ಎಷ್ಟು ಓರೆಯಾಗಿದೆ ಎಂದಷ್ಟೇ ನೋಡುವುದಿಲ್ಲ; ಇಷ್ಟು ಹೊತ್ತು ಎಷ್ಟು ಓರೆಯಾಗಿ ಬಂತು, ಎಷ್ಟು ಬೇಗ ತಿರುಗುತ್ತಿದೆ ಎನ್ನುವುದೂ ಅವನ ಲೆಕ್ಕದಲ್ಲಿರುತ್ತದೆ. ಇವತ್ತಿನ ಆಟೋಪೈಲಟ್‌ಗಳ ಮೂಲ ಲೆಕ್ಕವೂ ಇದೇ. ಅದನ್ನು ಹದ ಮಾಡುವುದೇ ಒಂದು ಕಸುಬು. ಸಣ್ಣ ಓರೆಗೂ ಚುಕ್ಕಾಣಿ ಜೋರಾಗಿ ತಿರುಗಿದರೆ ದೋಣಿ ಹಾವಿನಂತೆ ಹೊರಳುತ್ತದೆ, ಸಡಿಲ ಬಿಟ್ಟರೆ ಗಾಳಿ ಎಳೆದ ಕಡೆಗೆ ವಾಲುತ್ತದೆ. ತಿರುಗತೊಡಗಿದ ದೋಣಿ ಗುರಿ ದಾಟಿ ಹೋಗದಂತೆ ಚುಕ್ಕಾಣಿಯನ್ನು ಮೊದಲೇ ಒಂದಿಷ್ಟು ಎದುರು ದಿಕ್ಕಿಗೆ ತರಬೇಕಾಗುತ್ತದೆ.

ಸಂಗಮದಲ್ಲಿ ಹರಿಗೋಲಿನಲ್ಲಿ ಕೂತರೆ ಇದೆಲ್ಲ ಒಬ್ಬನ ತೋಳಿನಲ್ಲೇ ಕಾಣುತ್ತದೆ. ಅಂಬಿಗ ಹೋಗಬೇಕಾದ ಕಡೆಯ ಅಂಚಿನಲ್ಲಿ ಕೂತು, ಹುಟ್ಟನ್ನು ಮುಂದಕ್ಕೆ ಚಾಚಿ ನೀರನ್ನು ತನ್ನತ್ತ ಸೆಳೆಯುತ್ತಾನೆ. ಒಮ್ಮೆ ಎಡಕ್ಕೆ ಒತ್ತಿ, ಒಮ್ಮೆ ಬಲಕ್ಕೆ. ಕಪಿಲೆಯ ನೀರು ದಾಟಿ ಕಾವೇರಿಯ ಸೆಳೆತ ತಗುಲಿದೊಡನೆ ಹರಿಗೋಲು ಬುಗುರಿಯಂತೆ ತಿರುಗಲು ನೋಡುತ್ತದೆ. ನಮಗೆ ಗೊತ್ತಾಗುವಷ್ಟರಲ್ಲಿ ಅವನ ಮಣಿಕಟ್ಟು ಹುಟ್ಟನ್ನು ಒಂದು ಬೆರಳಷ್ಟು ಓರೆ ಮಾಡಿರುತ್ತದೆ.