ಳಕಾರದ ಪಾಠ

ಮಕ್ಕಳ ಅಕ್ಷರಮಾಲೆಯಲ್ಲಿ ಅಕಾರಕ್ಕೆ ಅರಸ, ಆಕಾರಕ್ಕೆ ಆನೆ ಒಡನೆಯೇ ದೊರೆಯುವುವು. ಕೊನೆಯ ಳಕಾರದ ಬಳಿ ಉಪಾಧ್ಯಾಯರು ತಡವರಿಸಬೇಕು. ಅಚ್ಚಗನ್ನಡದ ಯಾವ ಶಬ್ದವೂ ಅದರಿಂದ ಮೊದಲಾಗದು. ಆದಕಾರಣ ಬಳೆ, ಮಳೆ, ಕೋಳಿ ಎಂದು ಶಬ್ದದ ಒಳಗಿನಿಂದ ಅದನ್ನು ಆರಿಸಿ ತೋರಿಸುವರು. ಇವುಗಳಲ್ಲಿ ಬಳೆಯ ಳಕಾರವೊಂದೇ ಮೊದಲಿನದು. ಮಳೆ, ಕೋಳಿಗಳಲ್ಲಿ ಹಳಗನ್ನಡದವರು ಉಚ್ಚರಿಸುತ್ತಿದ್ದುದು ೞಕಾರವನ್ನು. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇಂಥ ಶಬ್ದಗಳ ಪಟ್ಟಿಯನ್ನೇ ಕೊಟ್ಟಿರುವನು. ಜನರ ನಾಲಗೆಯಿಂದ ಆ ಧ್ವನಿ ಆಗಲೇ ಜಾರುತ್ತಿದ್ದಿತೆಂದು ನಾವು ಊಹಿಸಬಹುದು.

ಚಿಕ್ಕೋಡಿ, ಅಥಣಿ, ರಾಯಬಾಗ, ಕಾಗವಾಡಗಳ ಮಗುವಿನ ಕಿವಿಗೆ ಳಕಾರವು ಎರಡು ಭಾಷೆಗಳಿಂದ ಬೀಳುವುದು. ಮರಾಠಿಯಲ್ಲಿ ‘ಬಾಳ’ ಎಂದರೆ ಕೂಸು; ಕನ್ನಡದಲ್ಲಿ ‘ಬಾಳು’ ಎಂದರೆ ಜೀವನ. 19ನೆಯ ಶತಮಾನದಲ್ಲಿ ಮುಂಬಯಿ ಇಲಾಖೆಯ ಕನ್ನಡ ಸೀಮೆಯ ಶಾಲೆಗಳಲ್ಲಿಯೂ ಮರಾಠಿಯೇ ಮೆರೆಯುತ್ತಿದ್ದಿತು. ಡೆಪ್ಯುಟಿ ಚನ್ನಬಸಪ್ಪನವರಂಥವರು ದುಡಿದುದರಿಂದ ಮಕ್ಕಳಿಗೆ ಮನೆಮಾತಿನ ಪಾಠ ದೊರೆಯಿತು.

ಆ ಪಾಠದಲ್ಲಿ ಲಕಾರ ಳಕಾರಗಳನ್ನು ಬೇರ್ಪಡಿಸಿ ಅರ್ಥ ಹೇಳದಿದ್ದರೆ ಕೆಲಸ ಕೆಟ್ಟಂತೆಯೇ. ಕಲೆ ಬೇರೆ, ಹೊಲದ ಕಳೆ ಬೇರೆ. ಬೆಳೆ ಎಂದರೆ ಪೈರು. ಬೆಲೆ ಎಂದರೆ ಕ್ರಯ. ಒಕ್ಕಲಿಗರ ಮನೆಯ ಮಗು ಈ ಭೇದವನ್ನು ಪುಸ್ತಕಕ್ಕಿಂತ ಮೊದಲೇ ಬಲ್ಲದು. 1981ರಲ್ಲಿ ನಿಪ್ಪಾಣಿಯ ತಂಬಾಕಿನ ರೈತರು ತಮ್ಮ ಬೆಳೆಗೆ ತಕ್ಕ ಬೆಲೆ ಬೇಕೆಂದು ಹೆದ್ದಾರಿಯಲ್ಲಿ ಕುಳಿತರು. ಗೋಲೀಬಾರಿನಲ್ಲಿ ಅವರಲ್ಲಿ ಕೆಲವರು ಮಡಿದರು.