ಪೊಲೀಸರು ಯಾರ ಸೇವಕರು?

1975ರಲ್ಲಿ ತುರ್ತುಪರಿಸ್ಥಿತಿ ಬಂದಾಗ ಪೊಲೀಸರು ಆಳುವವರ ಅಪ್ಪಣೆಯಂತೆ ವಿರೋಧಿಗಳನ್ನು ವಿಚಾರಣೆಯಿಲ್ಲದೆ ಸೆರೆಗೆ ತಳ್ಳಿದರು. 1977ರಲ್ಲಿ ದೇಶದ ಮತದಾರರು ಆ ಆಡಳಿತವನ್ನು ಕಿತ್ತೊಗೆದರು. ಅದೇ ವರ್ಷ ಜನತಾ ಸರಕಾರ ರಾಷ್ಟ್ರೀಯ ಪೊಲೀಸ್ ಆಯೋಗ ನೇಮಿಸಿತು. ಹಿಂದೆ ನಮ್ಮ ರಾಜ್ಯಪಾಲರಾಗಿದ್ದ ಧರ್ಮವೀರ ಅದರ ಅಧ್ಯಕ್ಷರು.

1861ರ ಬ್ರಿಟಿಷ್ ಕಾಯಿದೆ ಹೋಗಬೇಕು, ಪೊಲೀಸರ ಮೇಲೆ ರಾಜಕಾರಣಿಗಳ ಹಿಡಿತ ಸಡಿಲಬೇಕು ಎಂದ ಆಯೋಗ 1981ರೊಳಗೆ ಎಂಟು ವರದಿ ಕೊಟ್ಟಿತು. ಅಷ್ಟರಲ್ಲಿ ಸರಕಾರ ಬದಲಾಗಿ, ವರದಿಗಳು ಮೂಲೆ ಸೇರಿದವು.

2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಏಳು ನಿರ್ದೇಶನ ನೀಡಿತು. ಕರ್ನಾಟಕ 2012ರಲ್ಲಿ ತನ್ನ 1963ರ ಕಾಯಿದೆ ತಿದ್ದಿ, ಪೊಲೀಸರ ಮೇಲಿನ ದೂರು ಕೇಳಲು ರಾಜ್ಯ, ಜಿಲ್ಲಾ ಪ್ರಾಧಿಕಾರಗಳಿಗೆ ಅವಕಾಶ ಮಾಡಿತು.

ಠಾಣೆಯ ಮೆಟ್ಟಿಲು ಹತ್ತಲು ಅಂಜುವ ಹುಬ್ಬಳ್ಳಿ-ಧಾರವಾಡದ ಬಡವನಿಗೆ ಈ ಬಾಗಿಲು ಗೊತ್ತಾದಾಗಲೇ ಸುಧಾರಣೆ ಪೂರ್ತಿಯಾದೀತು.