ಸದುದ್ದೇಶದ ವಿಷಯ ನಿಯಂತ್ರಣ ಮತ್ತು ಸೆಕ್ಷನ್ 79ರ ರಕ್ಷಣೆ

ಬಳಕೆದಾರರ ಬರಹಕ್ಕೆ ಸಾಮಾಜಿಕ ಜಾಲತಾಣ ಕಂಪನಿ ಹೊಣೆಯೇ ಎಂಬುದು ಹಳೆಯ ಪ್ರಶ್ನೆ. ಕೆಟ್ಟ ಬರಹವನ್ನು ತಾನಾಗಿ ತೆಗೆದುಹಾಕುವ ಕಂಪನಿ ಆ ಕಾರಣಕ್ಕೇ ಹೊಣೆಯಿಂದ ಸಿಗುವ ರಕ್ಷಣೆ ಕಳೆದುಕೊಳ್ಳಬೇಕೇ ಎಂಬುದು ಅದಕ್ಕಿಂತ ಜಟಿಲ. ಭಾರತದಲ್ಲಿ ಇದಕ್ಕೆ ಉತ್ತರವಿರುವುದು ನಿಯಮವೊಂದರ ಪರಂತುಕದಲ್ಲಿ (ಪ್ರೊವೈಸೊ). ಅದು ಕಾಯ್ದೆಯಲ್ಲೇ ಇರಬೇಕೆಂಬುದು ಈ ಲೇಖನದ ವಾದ.

ಮೊದಲು ಅಮೆರಿಕದ ಅನುಭವ ನೋಡೋಣ. ಅಲ್ಲಿನ ಪ್ರಾಡಿಜಿ ಎಂಬ ಆನ್‌ಲೈನ್ ಸೇವೆ ತನ್ನ ಚರ್ಚಾ ಫಲಕಗಳಿಗೆ ನಿಯಮ ರೂಪಿಸಿ, ಅಶ್ಲೀಲ ಪದಗಳನ್ನು ಸೋಸುವ ತಂತ್ರಾಂಶ ಅಳವಡಿಸಿ, ಮೇಲ್ವಿಚಾರಕರನ್ನೂ ಇಟ್ಟುಕೊಂಡಿತ್ತು. ಷೇರು ವ್ಯವಹಾರದ ಸಂಸ್ಥೆಯಾದ ಸ್ಟ್ರಾಟನ್ ಓಕ್‌ಮಾಂಟ್ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ, 1995ರಲ್ಲಿ, ನ್ಯೂಯಾರ್ಕ್ ನ್ಯಾಯಾಲಯ ಈ ನಿಯಂತ್ರಣವನ್ನೇ ಆಧಾರವಾಗಿಟ್ಟುಕೊಂಡು ಪ್ರಾಡಿಜಿಯನ್ನು ಪ್ರಕಾಶಕನೆಂದು ಪರಿಗಣಿಸಿತು. ಬರಹಗಳನ್ನು ಪರಿಶೀಲಿಸದ ಕಂಪ್ಯುಸರ್ವ್ ಎಂಬ ಇನ್ನೊಂದು ಆನ್‌ಲೈನ್ ಸೇವೆ 1991ರಲ್ಲಿ ಹೊಣೆಯಿಂದ ಪಾರಾಗಿತ್ತು. ಎಚ್ಚರ ವಹಿಸಿದವರಿಗೇ ದಂಡ ಬೀಳುವ ಈ ಸ್ಥಿತಿಯನ್ನು 1996ರ ಅಮೆರಿಕದ ಕಾಯ್ದೆಯ ಸೆಕ್ಷನ್ 230 ನಿವಾರಿಸಿತು. ಅನ್ಯರ ಬರಹಕ್ಕೆ ವೇದಿಕೆ ಪ್ರಕಾಶಕನಲ್ಲ, ಆಕ್ಷೇಪಾರ್ಹವೆನಿಸಿದ್ದನ್ನು ಸದುದ್ದೇಶದಿಂದ ತೆಗೆದರೂ ಹೊಣೆಯಿಲ್ಲ ಎಂದು ಕಾಯ್ದೆಯೇ ಹೇಳಿತು.

ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 79 ಬೇರೆ ದಾರಿ ಹಿಡಿದಿದೆ. ರಕ್ಷಣೆ ಬಯಸುವ ಮಧ್ಯವರ್ತಿ, ಅಂದರೆ ಇಂಥ ವೇದಿಕೆ, ರವಾನೆಯಾಗುವ ಮಾಹಿತಿಯನ್ನು ಆಯ್ಕೆ ಮಾಡಬಾರದು, ಮಾರ್ಪಡಿಸಬಾರದು ಎನ್ನುತ್ತದೆ ಅದರ 2(ಬಿ) ಖಂಡ. ಇದನ್ನು ಅಕ್ಷರಶಃ ಓದಿದರೆ, ಪೋಸ್ಟ್ ಅಳಿಸುವುದೂ ಆಯ್ಕೆಯೇ ಎಂದು ವಾದಿಸಲು ಅವಕಾಶವಿದೆ. ಅದೇ ವೇಳೆ ಈ ಕಾಯ್ದೆಯಡಿ ರೂಪಿಸಿದ 2021ರ ನಿಯಮಗಳ ನಿಯಮ 4(4), ಮಕ್ಕಳ ಲೈಂಗಿಕ ಶೋಷಣೆಯ ದೃಶ್ಯಗಳನ್ನು ತಂತ್ರಜ್ಞಾನದಿಂದ ಪತ್ತೆ ಹಚ್ಚಲು ಶ್ರಮಿಸಬೇಕೆಂದು ದೊಡ್ಡ ಜಾಲತಾಣಗಳಿಗೆ ಹೇಳುತ್ತದೆ. ಈ ಇಕ್ಕಟ್ಟನ್ನು ಬಿಡಿಸುವುದು ಅದೇ ನಿಯಮಗಳ ಪರಂತುಕವೊಂದು: ಸ್ವಯಂಪ್ರೇರಿತವಾಗಿ ಅಥವಾ ದೂರಿನ ಮೇಲೆ ತೆಗೆದುಹಾಕುವುದು ಸೆಕ್ಷನ್ 79ರ ಷರತ್ತಿನ ಉಲ್ಲಂಘನೆಯಲ್ಲ.

ಈ ಪರಂತುಕಕ್ಕೆ ಎರಡು ಮಿತಿಗಳಿವೆ. ಮೊದಲನೆಯದಾಗಿ, ನಿಯಮ ಮೂಲ ಕಾಯ್ದೆಯನ್ನು ಮೀರಲಾಗದು; ಸರ್ಕಾರ ಅಧಿಸೂಚನೆಯಿಂದಲೇ ನಿಯಮವನ್ನು ಬದಲಿಸಲೂಬಹುದು. ಎರಡನೆಯದಾಗಿ, ರಕ್ಷಣೆ ನಿಯಮಗಳು ಪಟ್ಟಿ ಮಾಡಿದ ವರ್ಗಗಳಿಗಷ್ಟೇ ಸಿಗುತ್ತದೆ. ಒಂದೇ ಜಾಹೀರಾತನ್ನು ನೂರು ಕಡೆ ಅಂಟಿಸುವ ಖಾತೆಯನ್ನು ತಡೆಯುವಂಥ ನಿತ್ಯದ ಕೆಲಸ ಅದರೊಳಗೆ ಸ್ಪಷ್ಟವಾಗಿ ಬರುವುದಿಲ್ಲ.

ರಕ್ಷಣೆ ಎಂದರೆ ನಿರಂಕುಶ ಅಧಿಕಾರವಲ್ಲ. ತಾನಾಗಿ ತೆಗೆಯುವ ದೊಡ್ಡ ಜಾಲತಾಣ ಬಳಕೆದಾರರಿಗೆ ಕಾರಣ ತಿಳಿಸಿ, ಪ್ರಶ್ನಿಸಲು ಅವಕಾಶ ಕೊಡಬೇಕೆಂದು ನಿಯಮ 4(8) ಹೇಳುತ್ತದೆ. ಸದುದ್ದೇಶದ ರಕ್ಷಣೆಯನ್ನೂ ಈ ಕರ್ತವ್ಯವನ್ನೂ ಒಟ್ಟಿಗೇ ಸೆಕ್ಷನ್ 79ಕ್ಕೆ ಸೇರಿಸುವುದು ಸಂಸತ್ತಿನ ಕೆಲಸ. ಆಗ ಎಚ್ಚರದಿಂದ ನಡೆಯುವ ಕಂಪನಿಗೆ ಭಯವಿರದು, ಬರಹ ಕಳೆದುಕೊಂಡ ನಾಗರಿಕನಿಗೆ ಕೇಳುವ ಹಕ್ಕೂ ಗಟ್ಟಿಯಾಗುತ್ತದೆ.